ಮಳೆಯ ಘಮ ಹೊಮ್ಮಿಸುವ ಜೀವಿಯ ಮದ್ದು

ಮುಂಗಾರಿನ ಮೊದಲ ಹನಿ ಬಿದ್ದಾಗ ಕಾಗಿನೆಲೆಯ ಹೊಲಗಳಿಂದ ಏಳುವ ಘಮ ಇದೆಯಲ್ಲ, ಅದರ ಹೆಚ್ಚಿನ ಪಾಲು ಮಣ್ಣಿನದಲ್ಲ! ಮಣ್ಣಲ್ಲಿ ಮನೆಮಾಡಿರುವ ಸ್ಟ್ರೆಪ್ಟೊಮೈಸೀಸ್ ಎಂಬ ಬ್ಯಾಕ್ಟೀರಿಯಾದ್ದು. ಅದು ಹೊಮ್ಮಿಸುವ ಜಿಯೋಸ್ಮಿನ್ ಲಕ್ಷ ಕೋಟಿಯಲ್ಲಿ ಕೆಲವೇ ಭಾಗದಷ್ಟಿದ್ದರೂ ಸಾಕು, ನಮ್ಮ ಮೂಗು ಹಿಡಿದುಬಿಡುತ್ತದೆ.

ಈಗ ಕೇಳಿ. ಇದೇ ಕುಲದ ಜೀವಿಯೇ ಜಗತ್ತಿಗೆ ಕ್ಷಯದ ಮೊದಲ ಪರಿಣಾಮಕಾರಿ ಮದ್ದನ್ನು ಕೊಟ್ಟದ್ದು. 1943ರ ಅಕ್ಟೋಬರ್, ಅಮೆರಿಕದ ರಟ್ಗರ್ಸ್. ಸೆಲ್ಮನ್ ವಾಕ್ಸ್‌ಮನ್ ಪ್ರಯೋಗಾಲಯದ ವಿದ್ಯಾರ್ಥಿ ಆಲ್ಬರ್ಟ್ ಷಾಟ್ಜ್ ಕೈಗೆ ಎರಡು ತಳಿ ಸಿಕ್ಕವು: ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದ, ಇನ್ನೊಂದು ಕೋಳಿಯ ಗಂಟಲಿನಿಂದ! ಅವು ಸ್ರವಿಸಿದ್ದೇ ಸ್ಟ್ರೆಪ್ಟೊಮೈಸಿನ್. ನೊಬೆಲ್ ಮಾತ್ರ 1952ರಲ್ಲಿ ವಾಕ್ಸ್‌ಮನ್ ಒಬ್ಬರ ಪಾಲಾಯಿತು. ಹುಡುಗನಿಗೆ ಅನ್ಯಾಯವಾಯಿತೆಂದೇ ನನ್ನ ಲೆಕ್ಕ, ಇರಲಿ.

ಆ ಮದ್ದು ಕೊಲ್ಲುವ ಬಗೆ ನೋಡಿ! ಪ್ರತಿ ಬ್ಯಾಕ್ಟೀರಿಯಾದೊಳಗೂ ರೈಬೋಸೋಮ್ ಎಂಬ ಸಾವಿರಾರು ಯಂತ್ರಗಳಿವೆ. ರಾಣೆಬೆನ್ನೂರು ಸೀಮೆಯ ಕಂಬಳಿ ಮಗ್ಗವನ್ನು ನೆನೆಯಿರಿ; ಜೀನ್ ಹೇಳಿದ ಅಂಚಿನಂತೆ ಎಳೆ ಎಳೆ ಕೂಡಿಸಿ ಪ್ರೋಟೀನ್ ನೇಯುವುದು ಇದರ ಕಸುಬು. ಸ್ಟ್ರೆಪ್ಟೊಮೈಸಿನ್ ಮಗ್ಗವನ್ನು ಮುರಿಯುವುದಿಲ್ಲ. ಎಳೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಮೂಲೆಯಲ್ಲೇ ಹೋಗಿ ಕೂರುತ್ತದೆ. ಕಪ್ಪಿನ ಜಾಗಕ್ಕೆ ಬಿಳಿ ನೂಲು ಬಂದರೂ ಮಗ್ಗ ಒಪ್ಪಿಕೊಳ್ಳುತ್ತದೆ! ಹಾಗೆ ನೇಯ್ದ ಕೆಟ್ಟ ಪ್ರೋಟೀನು ಜೀವಕೋಶದ ಪೊರೆಗೆ ಸೇರಿದರೆ ಪೊರೆ ಸೋರತೊಡಗುತ್ತದೆ, ಸೋರಿದಲ್ಲಿ ಮತ್ತಷ್ಟು ಮದ್ದು ನುಗ್ಗುತ್ತದೆ. ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಮದ್ದಿನ ದಾರಿಯೇ ಬೇರೆ, ಅದು ನೂಲು ಮಗ್ಗಕ್ಕೆ ತಲುಪದಂತೆ ಬಾಗಿಲು ತಡೆಯುತ್ತದೆ. ಸ್ಟ್ರೆಪ್ಟೊಮೈಸಿನ್ ಆ ಮೂಲೆಯಲ್ಲಿ ಕೂತಿರುವ ಭಂಗಿಯನ್ನು 2000ದಲ್ಲಿ ಪರಮಾಣುಗಳ ಮಟ್ಟದಲ್ಲೇ ತೋರಿಸಿದ್ದು ವೆಂಕಿ ರಾಮಕೃಷ್ಣನ್ ತಂಡ.

ಆದರೆ ಬ್ಯಾಕ್ಟೀರಿಯಾ ಸುಮ್ಮನಿರುವ ಆಸಾಮಿಯೇ? 1948ರಲ್ಲಿ ಬ್ರಿಟನ್ನಿನ ಪರೀಕ್ಷೆಯ ಫಲ ಬಂತು. ಆರು ತಿಂಗಳಲ್ಲಿ ಮದ್ದು ಪಡೆದ 55 ಕ್ಷಯರೋಗಿಗಳಲ್ಲಿ 4 ಸಾವು, ಬರೀ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ಐದು ವರ್ಷ ಕಳೆಯುವಷ್ಟರಲ್ಲಿ? 32 ಮತ್ತು 35! ಒಂಟಿ ಮದ್ದಿಗೆ ರೋಗಾಣು ಒಗ್ಗಿಬಿಟ್ಟಿತ್ತು. ರೈಬೋಸೋಮಿನದೇ ಎಸ್12 ಎಂಬ ಪ್ರೋಟೀನಿನ 43ನೇ ಸ್ಥಾನದಲ್ಲಿ ಲೈಸೀನ್ ಎಂಬ ಎಳೆ ಹೋಗಿ ಆರ್ಜಿನೀನ್ ಎಂಬ ಎಳೆ ಬಂದರೆ ಆಯಿತು, ಮದ್ದಿಗೆ ಅಲ್ಲಿ ಕೂರಲು ಆಗುವುದೇ ಇಲ್ಲ. ಇವತ್ತಿಗೂ ಟಿ.ಬಿ. ರೋಗಿಗೆ ಹಲವು ಮದ್ದು ಒಟ್ಟಿಗೇ ಕೊಡುವುದು ಇದಕ್ಕೇ.

ಇನ್ನೊಂದು ಉಪಾಯ ಇನ್ನೂ ಸೊಗಸು. ಕೆಲವು ಬ್ಯಾಕ್ಟೀರಿಯಾ ಮದ್ದಿನ ಅಣುವಿಗೇ ಒಂದು ಫಾಸ್ಫೇಟ್ ಅಂಟಿಸಿ ಅದನ್ನು ನಿಷ್ಕ್ರಿಯ ಮಾಡುತ್ತವೆ. ಇದು ಹೊಸ ವಿದ್ಯೆಯಲ್ಲ. ಸ್ಟ್ರೆಪ್ಟೊಮೈಸೀಸ್ ತನ್ನ ವಿಷದಿಂದ ತಾನೇ ಸಾಯಬಾರದಲ್ಲ! ಹಾಗಾಗಿ ಫಾಸ್ಫೇಟ್ ಅಂಟಿಸಿಯೇ ಮದ್ದು ತಯಾರಿಸಿ, ಹೊರಗೆ ಹೋದ ಮೇಲೆ ಆ ಫಾಸ್ಫೇಟ್ ಕಿತ್ತುಹಾಕುತ್ತದೆ. ಮದ್ದು ಹುಟ್ಟಿದ ಮನೆಯಲ್ಲೇ ಅದರ ಮುರಿತವೂ ಇದೆ! ಕೆನಡಾದ ಯೂಕಾನ್‌ನಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲೂ ಟೆಟ್ರಾಸೈಕ್ಲಿನ್ ತಡೆಯುವ ಜೀನ್ ಸಿಕ್ಕಿದೆ ಎಂದು 2011ರಲ್ಲಿ ವರದಿಯಾದಾಗ ಜಗತ್ತು ಬೆರಗಾಯಿತು.

ಈ ಎರಡೂ ಮದ್ದು ಒಂದೇ ಪೊಟ್ಟಣದಲ್ಲಿ ನಮ್ಮ ಗೊಬ್ಬರದಂಗಡಿಗೂ ಬಂದವು. ಸ್ಟ್ರೆಪ್ಟೊಸೈಕ್ಲಿನ್ ಎಂಬ 6 ಗ್ರಾಮಿನ ಚೀಟಿ: ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಪಿಂಪ್ರಿಯ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ತಯಾರಿಸಿದ್ದು. ಭತ್ತ, ಟೊಮೆಟೊ, ದಾಳಿಂಬೆಗೆ ದುಂಡಾಣು ರೋಗ ಬಿದ್ದರೆ ರೈತರು ಹೊಡೆಯುತ್ತಿದ್ದ ‘ಎಣ್ಣೆ’ ಇದೇ. ಆದರೆ ಹೊಲಕ್ಕೆ ಹೊಡೆದ ಮದ್ದಿನ ಕತೆ ಹೊಲದಲ್ಲೇ ಮುಗಿಯುವುದಿಲ್ಲ. ಫಾಸ್ಫೇಟ್ ಅಂಟಿಸುವ ಒಂದೇ ಜೋಡಿ ಜೀನು ಸೇಬು ತೋಟದ ರೋಗಾಣುವಿನಲ್ಲೂ ಮನುಷ್ಯನಿಗೆ ರೋಗ ತರುವ ಬ್ಯಾಕ್ಟೀರಿಯಾದಲ್ಲೂ ಸಿಕ್ಕಿದೆ. ಜೀನಿಗೆ ಹೊಲವೇನು, ಹೊಟ್ಟೆಯೇನು! 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೆಳೆಗಳಿಗೆ ಈ ಮಿಶ್ರಣದ ಬಳಕೆಯನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತು.

ಇದೊಂದನ್ನು ಹೇಳದೆ ಇರಲಾರೆ. 1940ರ ದಶಕದಲ್ಲೇ ಸಂಶೋಧಕರಿಗೆ ವಿಚಿತ್ರ ರೂಪಾಂತರಿಗಳು ಸಿಕ್ಕವು. ಸ್ಟ್ರೆಪ್ಟೊಮೈಸಿನ್ ಹಾಕಿದರೆ ಅವು ಸಾಯುವುದಿಲ್ಲ, ಹಾಕದಿದ್ದರೆ ಬೆಳೆಯುವುದೇ ಇಲ್ಲ! ಮದ್ದಿನಿಂದ ತಪ್ಪಿಸಿಕೊಳ್ಳಲು ಹೋಗಿ ಅವುಗಳ ರೈಬೋಸೋಮ್ ಅತಿ ಕಟ್ಟುನಿಟ್ಟಾಗಿಬಿಟ್ಟಿದೆ, ಸರಿಯಾದ ಎಳೆ ಬಂದರೂ ಅನುಮಾನಿಸಿ ವಾಪಸ್ ಕಳಿಸುತ್ತದೆ. ಆ ಬಿಗಿಯನ್ನು ಕೊಂಚ ಸಡಿಲಿಸಲು ಅದಕ್ಕೆ ವಿಷವೇ ಬೇಕು.