ವಿಮಾ ಪ್ರತಿನಿಧಿಯ ಸಂಚಾರ ಮತ್ತು ಲೆಕ್ಕ: ಬ್ರಿಟನ್ನಿನ ವಾರದ ವಿಮೆಯ ಒಂದು ವಿವೇಚನೆ

ಜೀವವಿಮೆಯ ಚರಿತ್ರೆಯಲ್ಲಿ ಸಂಸ್ಥೆಗಳ ಸ್ಥಾಪನೆ, ಬಂಡವಾಳ, ಶಾಸನ ಮೊದಲಾದವುಗಳಿಗೆ ದೊರೆಯುವ ಸ್ಥಾನ ವಿಮೆಯನ್ನು ಮನೆಬಾಗಿಲಿಗೆ ಒಯ್ದ ಪ್ರತಿನಿಧಿಯ ದಿನಚರಿಗೆ ದೊರೆಯುವುದು ವಿರಳ. ಆದರೆ ಈ ವ್ಯವಹಾರ ನಿಂತಿರುವುದು ಆತನ ಎರಡು ಬಗೆಯ ದುಡಿಮೆಯ ಮೇಲೆ. ಜನರನ್ನು ಕಾಣುವುದು, ಒಪ್ಪಿಸುವುದು, ಹಣ ವಸೂಲು ಮಾಡುವುದು ಮೊದಲನೆಯದು, ಇದನ್ನು ಸಂಚಾರವೆನ್ನೋಣ. ಅರ್ಜಿ ತುಂಬಿಸುವುದು, ಲೆಕ್ಕವಿಡುವುದು, ಕಚೇರಿಗೆ ವರದಿ ಒಪ್ಪಿಸುವುದು ಎರಡನೆಯದು, ಇದನ್ನು ಬರವಣಿಗೆಯೆನ್ನೋಣ. ಇವೆರಡಕ್ಕೂ ಹೊತ್ತನ್ನು ಹಂಚುವುದು ಹೇಗೆ ಎಂಬುದು ಈ ವೃತ್ತಿಯ ಹಳೆಯ ಪ್ರಶ್ನೆ. ಸಂಚಾರ ಹೆಚ್ಚಲಿ, ಬರವಣಿಗೆ ತಗ್ಗಲಿ ಎಂಬುದು ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರ ಅರೆಸತ್ಯವೆಂದೂ, ಹೊತ್ತಿನ ಹಂಚಿಕೆಯನ್ನು ಪ್ರತಿನಿಧಿಯ ಶಿಸ್ತಿಗಿಂತ ಹೆಚ್ಚಾಗಿ ಸಂಸ್ಥೆ ಯಾವ ಕೆಲಸಕ್ಕೆ ಪ್ರತಿಫಲ ಕೊಡುತ್ತದೆಂಬುದು ನಿರ್ಧರಿಸುತ್ತದೆಂದೂ ತೋರಿಸುವುದು ನಮ್ಮ ಉದ್ದೇಶ. ಇದಕ್ಕೆ ಬ್ರಿಟನ್ನಿನ ವಾರದ ವಿಮೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ.

೧. ಒಂದು ಪೆನ್ನಿಯ ಲೆಕ್ಕ

೧೮೪೮ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಪ್ರೂಡೆನ್ಷಿಯಲ್ ಸಂಸ್ಥೆಯು ೧೮೫೪ರಲ್ಲಿ ಕಾರ್ಮಿಕವರ್ಗಕ್ಕಾಗಿ ಪ್ರತ್ಯೇಕ ಶಾಖೆಯೊಂದನ್ನು ತೆರೆಯಿತು. ವರ್ಷಕ್ಕೊಮ್ಮೆ ದೊಡ್ಡ ಕಂತು ಕಟ್ಟಲಾರದ ಕುಟುಂಬಗಳು ವಾರಕ್ಕೆ ಒಂದೊಂದು ಪೆನ್ನಿ ಕೊಟ್ಟು ವಿಮೆ ಪಡೆಯಬಹುದಾಯಿತು. ಈ ಜನ ಮುಖ್ಯವಾಗಿ ಬಯಸಿದುದು ಶವಸಂಸ್ಕಾರದ ವೆಚ್ಚವನ್ನು. ಸತ್ತವರನ್ನು ಸಾರ್ವಜನಿಕ ಖರ್ಚಿನಲ್ಲಿ ದಿಕ್ಕಿಲ್ಲದವರಂತೆ ಹೂಳಿಸುವುದು ಆ ಕಾಲದ ಬಡವರು ಎಲ್ಲಕ್ಕಿಂತ ಹೆಚ್ಚಾಗಿ ಅಂಜುತ್ತಿದ್ದ ಅವಮಾನವಾಗಿತ್ತು.

ಹಳೆಯ ಬ್ರಿಟಿಷ್ ನಾಣ್ಯಪದ್ಧತಿಯಲ್ಲಿ ಒಂದು ಪೌಂಡಿಗೆ ೨೪೦ ಪೆನ್ನಿಗಳು. ಪೆನ್ನಿ ಪೆನ್ನಿಯಾಗಿ ಒಂದು ಪೌಂಡು ಕೂಡಬೇಕಾದರೆ ೨೪೦ ವಸೂಲಿಗಳಾಗಬೇಕು. ಪ್ರತಿಯೊಂದನ್ನೂ ಪ್ರತಿನಿಧಿಯ ವಸೂಲಿ ಪುಸ್ತಕದಲ್ಲಿ ಒಮ್ಮೆ, ಮನೆಯವರ ಬಳಿಯಿದ್ದ ರಸೀತಿ ಪುಸ್ತಕದಲ್ಲಿ ಒಮ್ಮೆ ದಾಖಲಿಸಿದರೆ ೪೮೦ ಗುರುತುಗಳಾದುವು. ಪ್ರತಿ ವಸೂಲಿಗೆ ಎರಡೇ ನಿಮಿಷ ಹಿಡಿಯಿತೆಂದು ಭಾವಿಸಿದರೂ ಎಂಟು ಗಂಟೆಗಳು ಕಳೆಯುತ್ತವೆ. ಈ ಲೆಕ್ಕದಿಂದ ಸಂಚಾರ ಮತ್ತು ಬರವಣಿಗೆಗಳು ಇಲ್ಲಿ ಬೇರೆಬೇರೆ ಹೊತ್ತಿನ ಕೆಲಸಗಳಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಹೊಸ್ತಿಲಲ್ಲಿ ನಿಂತು ಹಣ ಪಡೆಯುವುದೂ ಅಲ್ಲಿಯೇ ಗುರುತು ಹಾಕುವುದೂ ಒಂದೇ ಕ್ರಿಯೆಯ ಎರಡು ಮುಖಗಳು.

೨. ಪ್ರತಿನಿಧಿಯಿಲ್ಲದ ವಿಮೆ

ಸಂಚಾರವಿಲ್ಲದೆ ವಿಮೆ ನಡೆಯಬಹುದೆ ಎಂಬುದಕ್ಕೂ ಅದೇ ದೇಶದಲ್ಲಿ ಒಂದು ಪರೀಕ್ಷೆ ನಡೆಯಿತು. ಅಂದಿನ ಅರ್ಥಸಚಿವ ಗ್ಲ್ಯಾಡ್‌ಸ್ಟನ್ ೧೮೬೪ರಲ್ಲಿ ತಂದ ಶಾಸನದಿಂದ ಅಂಚೆ ಕಚೇರಿಗಳ ಮೂಲಕ ಸರ್ಕಾರವೇ ಸಣ್ಣ ಮೊತ್ತದ ಜೀವವಿಮೆ ನೀಡತೊಡಗಿತು. ಭದ್ರತೆಯಲ್ಲಿ ಇದಕ್ಕೆ ಸಾಟಿಯಿರಲಿಲ್ಲ. ಆದರೆ ಬಾಗಿಲಿಗೆ ಬಂದು ಕೇಳುವವರಿರಲಿಲ್ಲ; ವಿಮೆ ಬೇಕಾದವರು ತಾವಾಗಿ ಅಂಚೆ ಕಚೇರಿಗೆ ಹೋಗಬೇಕಾಗಿತ್ತು. ಹೋದವರು ಬಹಳ ಸ್ವಲ್ಪ ಮಂದಿ. ಯೋಜನೆ ಕುಂಟುತ್ತ ಸಾಗಿ ೧೯೨೮ರಲ್ಲಿ ನಿಂತುಹೋಯಿತು. ಅದೇ ಅವಧಿಯಲ್ಲಿ, ವೆಚ್ಚ ಅಧಿಕವಾಗಿದ್ದರೂ, ಮನೆಮನೆಗೆ ಜನರನ್ನು ಕಳುಹಿಸುತ್ತಿದ್ದ ಸಂಸ್ಥೆಗಳ ಪಾಲಿಸಿಗಳು ಕೋಟಿಗಟ್ಟಲೆ ಬೆಳೆದವು. ಸಂಚಾರಕ್ಕೆ ಬೆಲೆಯುಂಟೆಂಬುದು ಇದರಿಂದ ಸಿದ್ಧವಾಗುತ್ತದೆ.

೩. ವಾರದ ಕ್ರಮ

ಪ್ರತಿನಿಧಿಯ ವಾರವನ್ನು ಕಾರ್ಮಿಕರ ಸಂಬಳದ ದಿನ ಆಳುತ್ತಿತ್ತು. ಕೂಲಿ ಶುಕ್ರವಾರ ಇಲ್ಲವೆ ಶನಿವಾರ ಬಟವಾಡೆಯಾಗುತ್ತಿದ್ದುದರಿಂದ, ಆ ಹಣ ಬೇರೆ ಬಾಬುಗಳಿಗೆ ಕರಗುವ ಮೊದಲೇ ಬಾಗಿಲು ತಟ್ಟಬೇಕಾಗಿತ್ತು. ಹೀಗೆ ವಾರದ ಕೊನೆ ಮತ್ತು ಸೋಮವಾರ ವಸೂಲಿಗೆ ಮೀಸಲಾದುವು. ಉಳಿದ ದಿನಗಳಲ್ಲಿ ಪುಸ್ತಕ ಕೂಡಿಸಿ ಜಿಲ್ಲಾ ಕಚೇರಿಗೆ ಹಣ ಒಪ್ಪಿಸುವುದು, ಬಾಕಿದಾರರನ್ನು ಮತ್ತೆ ಕಾಣುವುದು, ಹೊಸಬರನ್ನು ಹುಡುಕುವುದು.

ಈ ಎರಡು ಭಾರಗಳನ್ನು ಹಗುರಗೊಳಿಸಲು ಸಂಸ್ಥೆಗಳು ಯತ್ನಿಸಿದುವು. ಲೆಕ್ಕದ ದೊಡ್ಡ ಭಾಗವನ್ನು ಪ್ರೂಡೆನ್ಷಿಯಲ್ ತನ್ನ ಲಂಡನ್ ಕಚೇರಿಗೆ ಸೆಳೆದುಕೊಂಡಿತು. ೧೮೭೦ರ ದಶಕದಲ್ಲಿಯೇ ಅಲ್ಲಿ ಗಣನಯಂತ್ರಗಳೂ ಮಹಿಳಾ ಗುಮಾಸ್ತರೂ ಇದ್ದರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಊರೆಲ್ಲ ಚೆದರಿದ್ದ ಮನೆಗಳನ್ನು ಒತ್ತಾಗಿ ವಿಂಗಡಿಸಿ, ಒಬ್ಬೊಬ್ಬನಿಗೆ ಒಂದೊಂದು ಪ್ರದೇಶವನ್ನು ವಹಿಸುವ ಕ್ರಮ ಬಂದಿತು. ಒಂದೇ ಬೀದಿಗೆ ಹಲವರು ನಡೆಯುವ ವ್ಯರ್ಥಶ್ರಮ ಇದರಿಂದ ತಗ್ಗಿತು.

ಆದರೆ ಒಂದು ಕಡೆ ಇಳಿದ ಭಾರ ಇನ್ನೊಂದು ಕಡೆ ಏರಿತು. ೧೯೧೧ರ ರಾಷ್ಟ್ರೀಯ ವಿಮಾ ಶಾಸನದಂತೆ ಆರೋಗ್ಯವಿಮೆಯ ಆಡಳಿತವನ್ನು ಸರ್ಕಾರ ಅಂಗೀಕೃತ ಸಂಘಗಳಿಗೆ ಒಪ್ಪಿಸಿತು. ವಿಮಾ ಸಂಸ್ಥೆಗಳು ಇಂಥ ಸಂಘಗಳನ್ನು ಸ್ಥಾಪಿಸಿದುದರಿಂದ, ೧೯೧೨ರಿಂದ ೧೯೪೮ರವರೆಗೆ ಕಾಯಿಲೆಯ ಹಣ, ಮುದ್ರೆಯ ಚೀಟಿ ಮೊದಲಾದ ಸರ್ಕಾರಿ ಬಾಬುಗಳೂ ಪ್ರತಿನಿಧಿಯ ಚೀಲ ಸೇರಿದುವು. ಈ ಕೆಲಸದಿಂದ ಆತನಿಗೆ ಒಂದು ಲಾಭವೂ ಇತ್ತು: ಹೊಸ ಹೊಸ ಮನೆಗಳ ಬಾಗಿಲು ತೆರೆಯುತ್ತಿತ್ತು. ಬರವಣಿಗೆಯೇ ಸಂಚಾರಕ್ಕೆ ದಾರಿಯಾದುದಕ್ಕೆ ಇದೊಂದು ನಿದರ್ಶನ.

೪. ರದ್ದಾದ ಪಾಲಿಸಿಗಳು

ಹೊತ್ತಿನ ಹಂಚಿಕೆ ತಪ್ಪಿದಾಗ ನಷ್ಟ ಯಾರಿಗೆ? ಈ ಪ್ರಶ್ನೆಯೇ ನಮ್ಮ ವಿವೇಚನೆಯ ಕೇಂದ್ರ. ನಿಗದಿಯಾದಷ್ಟು ವಾರಗಳ ಕಂತು ಬಾಕಿ ಬಿದ್ದರೆ ಪಾಲಿಸಿ ರದ್ದಾಗುತ್ತಿತ್ತು. ಆವರೆಗೆ ಕಟ್ಟಿದ ಪೆನ್ನಿಗಳೆಲ್ಲ ಹೋದಂತೆಯೇ. ಕೆಲಸ ಕಳೆದುಕೊಂಡ ಗಂಡಸಿನ ಮನೆಗೆ ಎರಡು ಬಾರಿ ಹೆಚ್ಚಾಗಿ ಹೋಗಿ ಬಾಕಿ ತೀರಿಸಲು ದಾರಿ ಹೇಳುವುದು ಸಮಯ ಬೇಡುವ ಕೆಲಸ. ಅದೇ ಸಮಯದಲ್ಲಿ ಪಕ್ಕದ ಬೀದಿಯಲ್ಲಿ ಹೊಸ ಪಾಲಿಸಿ ದೊರಕಿಸಿದರೆ ವಾರದ ಕಂತಿನ ಹಲವು ಪಟ್ಟು ಪ್ರತಿಫಲ ಕೈಸೇರುತ್ತಿತ್ತು. ಇಂಥಲ್ಲಿ ಮನುಷ್ಯ ಯಾವ ಕಡೆ ಹೆಜ್ಜೆಯಿಡುವನೆಂದು ಊಹಿಸುವುದು ಕಷ್ಟವಲ್ಲ. ಹಳೆಯ ಪಾಲಿಸಿಗಳ ನಷ್ಟವನ್ನು ಕಳೆದು ನಿವ್ವಳ ವೃದ್ಧಿಗೆ ಮಾತ್ರ ಪ್ರತಿಫಲ ಕೊಡುವ ಕ್ರಮವೂ ಇತ್ತು. ಅದರಿಂದಲೂ ತೊಡಕಾಯಿತು: ರದ್ದಾಗಬೇಕಾದುದನ್ನು ಪ್ರತಿನಿಧಿ ತನ್ನ ಕಿಸೆಯಿಂದ ಕಟ್ಟಿ ಪುಸ್ತಕದಲ್ಲಿ ಜೀವಂತವಾಗಿಡುವ ಒತ್ತಡ ಅವನ ಮೇಲೆ ಬಿದ್ದಿತು.

೧೯೧೯–೨೦ರಲ್ಲಿ ಪಾರ್ಮೂರ್ ಸಮಿತಿ ಈ ವ್ಯವಹಾರವನ್ನು ವಿಚಾರಣೆಗೆ ತೆಗೆದುಕೊಂಡಿತು. ಅದರ ಹಿಂದೆಯೇ ಬಂದ ೧೯೨೩ರ ಶಾಸನ ಪಾಲಿಸಿಯನ್ನು ರದ್ದುಪಡಿಸುವ ಮುನ್ನ ವಿಮೆ ಪಡೆದವರಿಗೆ ತಿಳಿವಳಿಕೆ ಪತ್ರ ಕೊಡಬೇಕೆಂದು ವಿಧಿಸಿ, ಇದರ ಮೇಲ್ವಿಚಾರಣೆಗೆ ಕಮಿಷನರನೊಬ್ಬನನ್ನು ನೇಮಿಸಿತು. ಬಡಕುಟುಂಬಕ್ಕೆ ರಕ್ಷಣೆ ದೊರೆತುದು ಹೆಚ್ಚಿನ ಸಂಚಾರದಿಂದಲ್ಲ. ಕಡ್ಡಾಯವಾಗಿ ಬರೆಯಬೇಕಾದ ಒಂದು ಪತ್ರದಿಂದ ಎಂಬುದನ್ನು ಗಮನಿಸಬೇಕು. ೧೯೪೨ರ ಬೆವರಿಜ್ ವರದಿ ಇನ್ನೂ ಮುಂದೆ ಹೋಯಿತು. ಕಂತಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹಣ ವೆಚ್ಚಕ್ಕೇ ಸಲ್ಲುತ್ತಿದೆಯೆಂದು ತೋರಿಸಿ, ಈ ವಿಮೆಯನ್ನು ಸಾರ್ವಜನಿಕ ಸೇವೆಯಾಗಿ ಮಾರ್ಪಡಿಸಬೇಕೆಂದು ಅದು ಸೂಚಿಸಿತು. ಸೂಚನೆ ಕಾರ್ಯಗತವಾಗಲಿಲ್ಲ. ಕಾಲಕ್ರಮದಲ್ಲಿ ಬ್ಯಾಂಕಿನ ಮೂಲಕ ಹಣ ಕಟ್ಟುವ ರೂಢಿ ಬೆಳೆದು ಮನೆಮನೆಯ ವಸೂಲಿ ಕ್ಷೀಣಿಸಿತು. ೨೦೦೧ರಲ್ಲಿ ಪ್ರೂಡೆನ್ಷಿಯಲ್ ತನ್ನ ಬ್ರಿಟನ್ನಿನ ಪ್ರತಿನಿಧಿ ಪಡೆಯನ್ನು ಮುಚ್ಚುವುದಾಗಿ ಪ್ರಕಟಿಸಿತು.

೫. ನಮ್ಮ ನಾಡಿನ ಸ್ಥಿತಿ

ನಮ್ಮಲ್ಲಿ ಈ ಪ್ರಶ್ನೆ ಬೇರೆ ರೂಪ ತಾಳಿದೆ. ಮೈಸೂರು ಸಂಸ್ಥಾನ ೧೮೯೧ರಲ್ಲಿ ತನ್ನ ನೌಕರರಿಗಾಗಿ ಆರಂಭಿಸಿದ ಸರ್ಕಾರಿ ವಿಮೆಯ ಪದ್ಧತಿಯಲ್ಲಿ ಕಂತು ಸಂಬಳದಲ್ಲಿಯೇ ಮುರಿದುಕೊಳ್ಳಲ್ಪಡುವುದರಿಂದ ಬಾಗಿಲು ತಟ್ಟುವವನ ಅಗತ್ಯವೇ ಬೀಳದು. ಆದರೆ ತಿಂಗಳ ಸಂಬಳವಿಲ್ಲದ ರೈತನಿಗೆ, ಅಂಗಡಿಯವನಿಗೆ ಈ ದಾರಿ ಸಲ್ಲುವುದಿಲ್ಲ. ೧೯೫೬ರ ಸೆಪ್ಟೆಂಬರ್ ೧ರಂದು ಸ್ಥಾಪಿತವಾದ ಭಾರತೀಯ ಜೀವವಿಮಾ ನಿಗಮವು ಇಂಥವರನ್ನು ಮುಟ್ಟಿದುದು ಪ್ರತಿನಿಧಿಗಳ ಮೂಲಕವೇ.

ನಮ್ಮ ಪ್ರತಿನಿಧಿ ವಾರವಾರ ಪೆನ್ನಿ ಕೂಡಿಸುವ ಬಂಟನಲ್ಲ. ಆದರೂ ಬರವಣಿಗೆ ಅವನನ್ನು ಬಿಟ್ಟಿಲ್ಲ. ಪ್ರಸ್ತಾವ ಪತ್ರ, ವಿಳಾಸದ ಬದಲಾವಣೆ, ನಾಮನಿರ್ದೇಶನ, ರದ್ದಾದ ಪಾಲಿಸಿಯ ಪುನರುಜ್ಜೀವನ, ಮರಣಾನಂತರದ ಹಕ್ಕಿನ ಅರ್ಜಿ ಇವೆಲ್ಲಕ್ಕೂ ಮನೆಯವರು ಮೊದಲು ನೆನೆಯುವುದು ಅವನನ್ನೇ. ಮೊದಲ ವರ್ಷದ ಕಂತಿನ ಮೇಲೆ ಹೆಚ್ಚಿನ ದರದಲ್ಲಿಯೂ ಮುಂದಿನ ವರ್ಷಗಳಲ್ಲಿ ಕಡಮೆ ದರದಲ್ಲಿಯೂ ಕಮಿಷನ್ ಕೊಡುವುದು ಈ ವೃತ್ತಿಯ ರೂಢಿ. ಇದರಿಂದ ಹೊಸ ಪಾಲಿಸಿಯ ಹುಡುಕಾಟಕ್ಕೆ ಬೆಲೆ ಕಾಣುತ್ತದೆ. ಹಳೆಯ ಪಾಲಿಸಿಯ ಕಾಗದ ಪತ್ರಗಳಿಗೆ ಕಳೆದ ಹೊತ್ತು ಉಚಿತ ಸೇವೆಯಂತೆ ತೋರುತ್ತದೆ. ಮದುವೆಗೆ ಮುಂಚೆ ತಾಯಿಯ ಹೆಸರಿಗೆ ಮಾಡಿದ ನಾಮನಿರ್ದೇಶನ ತಿದ್ದುಪಡಿಯಾಗದೆ ಉಳಿದರೆ, ಮುಂದೆ ಅತ್ತೆಸೊಸೆಯರ ನಡುವೆ ವ್ಯಾಜ್ಯಕ್ಕೆ ಅದೇ ಬೀಜವಾಗಬಹುದು. ಅದನ್ನು ತಿದ್ದಿಸಲು ಬೇಕಾದುದು ಒಂದು ನಮೂನೆ, ಅರ್ಧ ಗಂಟೆಯ ಹೊತ್ತು.

ಆದುದರಿಂದ ಸಂಚಾರಕ್ಕೆ ಇಷ್ಟು ಗಂಟೆ, ಬರವಣಿಗೆಗೆ ಇಷ್ಟು ಗಂಟೆ ಎಂದು ಅಳತೆ ಹಾಕಿಕೊಡುವುದು ಸಾಲದು. ವಿಮೆಯ ವಾಗ್ದಾನ ಹುಟ್ಟುವುದು ಮಾತಿನಲ್ಲಿ. ಅದು ನೆರವೇರುವುದು ಬರಹದಲ್ಲಿ. ಎರಡನೆಯದಕ್ಕೂ ಪ್ರತಿಫಲ ಕಲ್ಪಿಸದ ಹೊರತು ಪ್ರತಿನಿಧಿಯ ಹೊತ್ತು ಮೊದಲನೆಯದರ ಕಡೆಗೆ ವಾಲುತ್ತಲೇ ಇರುತ್ತದೆ. ಬ್ರಿಟನ್ನಿನ ವಾರದ ವಿಮೆಯ ಚರಿತ್ರೆ ಈ ಮಾತನ್ನು ಸಮರ್ಥಿಸುತ್ತದೆ. ನಮ್ಮ ಜಿಲ್ಲೆಗಳ ಹಳೆಯ ಪ್ರತಿನಿಧಿಗಳ ದಿನಚರಿ, ಲೆಕ್ಕದ ಪುಸ್ತಕಗಳು ಮನೆಗಳಲ್ಲಿ ಇನ್ನೂ ಉಳಿದಿದ್ದರೆ, ಅವು ಗೆದ್ದಲಿಗೆ ಸೇರುವ ಮುನ್ನ ಸಂಗ್ರಹಿಸುವುದು ಚರಿತ್ರೆಯ ವಿದ್ಯಾರ್ಥಿಗಳು ಕೈಗೊಳ್ಳತಕ್ಕ ಕೆಲಸವೆಂದು ನಾವು ಭಾವಿಸುತ್ತೇವೆ.