ಮುಂಗಡ ಪಡೆದವರು ಜೀತದಾಳುಗಳಲ್ಲ: ವಲಸೆ ಕೃಷಿ ಕಾರ್ಮಿಕರ ಹಕ್ಕುಗಳು ಹಾಗೂ ಗ್ರಾಮ ಪಂಚಾಯತಿಯ ಹೊಣೆ

ತೊರವಿಯಿಂದ ತಿಕೋಟಾ, ಬಬಲೇಶ್ವರದವರೆಗಿನ ಹಳ್ಳಿಗಳಲ್ಲಿ ವಲಸೆಗೆ ಎರಡು ಮುಖಗಳಿವೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳ ಹಾಗೂ ಒಣಬೇಸಾಯದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ, ಕೂಲಿಗಾಗಿ ಗೋವಾಕ್ಕೂ ಹೊರಡುತ್ತವೆ. ಇಲ್ಲಿನ ಕಬ್ಬಿನ ಹೊಲ, ದ್ರಾಕ್ಷಿ ತೋಟಗಳಿಗೆ ಹೊರಗಿನ ತಂಡಗಳು ಬರುತ್ತವೆ. ಹೋಗುವವರನ್ನೂ ಬರುವವರನ್ನೂ ಕಟ್ಟಿಹಾಕುವುದು ಮುಕಾದಮನಿಂದ ಪಡೆದ ಮುಂಗಡ.

ಕಬ್ಬು ಕಟಾವಿನಲ್ಲಿ ಗಂಡ ಹೆಂಡತಿಯನ್ನು ಒಂದು ಜೋಡಿಯೆಂದು ಎಣಿಸಿ, ಟನ್ನಿನ ಲೆಕ್ಕದಲ್ಲಿ ಕೂಲಿ ಕಟ್ಟಿ, ಮುಂಗಡಕ್ಕೆ ಮುರಿದುಕೊಳ್ಳುವ ರೂಢಿಯಿದೆ. ಲೆಕ್ಕದ ಪುಸ್ತಕ ಮುಕಾದಮನ ಕೈಯಲ್ಲಿದ್ದರೆ ತೀರಿದ್ದೆಷ್ಟು, ಉಳಿದಿದ್ದೆಷ್ಟು ಎಂಬುದು ದುಡಿದವರಿಗೇ ತಿಳಿಯದು. ಹೆಣ್ಣುಮಗಳ ಕೂಲಿಯಂತೂ ಬೇರೆಯಾಗಿ ದಾಖಲಾಗುವುದೇ ಇಲ್ಲ. ಇಂಥ ಮುಂಗಡ ಎಲ್ಲಿಗೆ ಮುಟ್ಟಬಲ್ಲುದು ಎಂಬುದನ್ನು 2025ರ ಜನವರಿಯಲ್ಲಿ ವಿಜಯಪುರ ನಗರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಮೂವರು ಕೂಲಿಕಾರರನ್ನು ಥಳಿಸಿದ ಪ್ರಕರಣ ತೋರಿಸಿಕೊಟ್ಟಿದೆ.

ಕಾನೂನು ಹೇಳುವುದೇನು?

ಜೀತ ಪದ್ಧತಿ ನಿರ್ಮೂಲನಾ ಅಧಿನಿಯಮ, 1976ರ ಪ್ರಕಾರ ಸಾಲ ಅಥವಾ ಮುಂಗಡದ ಕಾರಣಕ್ಕೆ ಕಾರ್ಮಿಕರ ಸಂಚಾರವನ್ನು ತಡೆಯುವುದು, ಬೇರೆಡೆ ದುಡಿಯಲು ಬಿಡದಿರುವುದು, ಕೂಲಿಯಿಲ್ಲದೆ ಅಥವಾ ಅತ್ಯಲ್ಪ ಕೂಲಿಗೆ ದುಡಿಸುವುದು ಜೀತವೇ ಆಗುತ್ತದೆ. ಜೀತದ ಸಾಲ ತೀರಿತೆಂದೇ ಕಾನೂನು ಪರಿಗಣಿಸುತ್ತದೆ. ದುಡಿಸಿದವರಿಗೆ 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲಾತ್ಕಾರದ ದುಡಿಮೆ ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿಯೇ ತೀರ್ಪಿತ್ತಿದೆ. ಬಾಕಿಯ ತಕರಾರು ಏನೇ ಇರಲಿ, ಕೂಡಿಹಾಕುವ, ಹೊಡೆಯುವ ಅಧಿಕಾರ ಯಾರಿಗೂ ಇಲ್ಲ.

ಸದಸ್ಯರು ಮಾಡಬಹುದಾದುದು

1. ಹಂಗಾಮಿಗೆ ಮುನ್ನ ತಮ್ಮ ವಾರ್ಡಿನಿಂದ ಹೊರಡುವವರ ಹೆಸರು, ಹೋಗುವ ಊರು, ಮುಕಾದಮನ ವಿವರ, ಮುಂಗಡದ ಮೊತ್ತ, ಒಪ್ಪಿದ ದರ ಇವನ್ನು ವಹಿಯಲ್ಲಿ ಬರೆಸಿ, ಕಾರ್ಮಿಕರಿಗೂ ಒಂದು ಪ್ರತಿ ಕೊಡಿಸುವುದು. ಗಂಡ ಹೆಂಡತಿಯ ಹೆಸರುಗಳನ್ನು ಪ್ರತ್ಯೇಕವಾಗಿ ಬರೆಸುವುದು.

2. 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆಯಡಿ ಹೋದ ಊರಿನಲ್ಲಿಯೇ ಧಾನ್ಯ ಪಡೆಯಬಹುದೆಂದು ತಿಳಿಸುವುದು. ಇಲ್ಲಿಗೆ ಬಂದವರಿಗೂ ಇದೇ ಹಕ್ಕಿದೆ.

3. ಶಿಕ್ಷಣ ಹಕ್ಕು ಕಾಯ್ದೆ, 2009ರಂತೆ ವರ್ಗಾವಣೆ ಪತ್ರವಿಲ್ಲವೆಂದು 6ರಿಂದ 14 ವರ್ಷದ ಮಕ್ಕಳಿಗೆ ಶಾಲಾ ಪ್ರವೇಶ ನಿರಾಕರಿಸುವಂತಿಲ್ಲ. ಗುಡಿಸಲುಗಳಿಗೆ ಭೇಟಿ ನೀಡಿ, ಮಕ್ಕಳನ್ನು ಶಾಲೆ, ಅಂಗನವಾಡಿಗೆ ಸೇರಿಸುವುದು.

4. ಜೀತದ ಸುಳಿವು ಸಿಕ್ಕೊಡನೆ ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು. ಮಕ್ಕಳಿದ್ದರೆ 1098ಕ್ಕೆ ಕರೆ ಮಾಡುವುದು.

ದೂರದ ಹೊಲದಲ್ಲಿ ಲೆಕ್ಕದ ಜಗಳ ಎದ್ದಾಗ ಕಾರ್ಮಿಕರ ಪರವಾಗಿ ನಿಲ್ಲುವ ಸಾಕ್ಷಿ, ಊರು ಬಿಡುವ ಮುನ್ನ ಪಂಚಾಯತಿಯಲ್ಲಿ ಬರೆಸಿಟ್ಟ ಆ ಒಂದು ಪುಟವೇ ಆಗಬಹುದು.