ಜೌಗು ಬಸಿದ ಕಾಲುವೆ
ಇಂಡೊನೇಷ್ಯಾ ದೇಶದ ಮಧ್ಯ ಕಾಲಿಮಂಟನ್ ಪ್ರಾಂತ್ಯದಲ್ಲಿ ಸುಮಾರು 25 ಲಕ್ಷ ಎಕರೆ ಜೌಗುಕಾಡನ್ನು ಬತ್ತದ ಗದ್ದೆಯಾಗಿ ಮಾರ್ಪಡಿಸಬೇಕೆಂದು ಅಲ್ಲಿಯ ಸರ್ಕಾರವು 1995ರಲ್ಲಿ ನಿಶ್ಚಯಿಸಿತು. ಕಾಡನ್ನು ಕಡಿಸಿ, ಸಾವಿರಾರು ಕಿಲೊಮೀಟರು ಉದ್ದದ ಕಾಲುವೆಗಳನ್ನು ತೋಡಿಸಲಾಯಿತು.

ಆ ನೆಲವಾದರೋ ಸಾಮಾನ್ಯವಾದ ಮಣ್ಣಲ್ಲ; ಮರಗಿಡಗಳ ಅವಶೇಷಗಳು ನೀರಿನಲ್ಲಿ ಪೂರ್ತಿಯಾಗಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರಪದರವಾಗಿ ಶೇಖರವಾದದ್ದು. ಕಾಲುವೆಗಳಿಂದ ನೀರು ಬಸಿದುಹೋಗಲು ಅದು ಒಣಗಿ ಕುಸಿಯಿತು. ಹುಳಿಗುಣದ ಆ ನೆಲದಲ್ಲಿ ಬತ್ತವೂ ಸರಿಯಾಗಿ ಫಲಿಸಲಿಲ್ಲ. 1997ರ ಅನಾವೃಷ್ಟಿಯಲ್ಲಿ ಬಿದ್ದ ಬೆಂಕಿಯು ನೆಲದೊಳಗೇ ತಿಂಗಳುಗಟ್ಟಲೆ ಉರಿಯಿತು. ಹೊಗೆಯು ನೆರೆಯ ದೇಶಗಳನ್ನೂ ಮುಸುಕಿತು. 1999ರ ವೇಳೆಗೆ ಯೋಜನೆಯನ್ನು ಕೈಬಿಡಲಾಯಿತು. ಅನಂತರ ಕಾಲುವೆಗಳಿಗೆ ಅಡ್ಡಕಟ್ಟೆಗಳನ್ನು ಹಾಕಿದರೂ ಸುಟ್ಟುಹೋದ ನೆಲವು ಮರಳಿ ಬರಲಿಲ್ಲ.

ಗುದ್ದಲಿ ಹಾಕುವುದಕ್ಕೆ ಮೊದಲು ನೆಲದ ಗುಣವನ್ನು ಪರೀಕ್ಷಿಸತಕ್ಕದ್ದೆಂಬುದನ್ನು ಪಟೇಲರೂ ಭೂಮಾಲೀಕರೂ ಇದರಿಂದ ಅರಿಯಬಹುದು.